ತಂದೆಯ ಹೆಸರಿನ ಜಾಗದಲ್ಲಿ

೨೩ ಮೇ ೧೯೬೬, ಸೋಮವಾರ

ಬೆಳಿಗ್ಗೆ: ನೀರುದೋಸೆ ಐದು, ಬೆಲ್ಲ ಹಾಕಿದ ತೆಂಗಿನತುರಿ. ಮಧ್ಯಾಹ್ನ: ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಮಾವಿನ ಹಣ್ಣು ಮೂರು. ಸಂಜೆ: ಚಹಾ, ಹಲಸಿನ ಹಣ್ಣು. ಎಷ್ಟು ಸೊಳೆ ಎಂದು ಎಣಿಸಲಿಲ್ಲ. ರಾತ್ರಿ: ಗಂಜಿ, ಉಪ್ಪಿನಕಾಯಿ.

ಈ ಬರವಣಿಗೆ ನನ್ನ ಇಷ್ಟದ್ದಲ್ಲ. ಮೂಡಬಿದ್ರೆಯ ಡಾಕ್ಟರರು ನನಗೆ ಸಕ್ಕರೆ ಕಾಯಿಲೆ ಎಂದು ಹೇಳಿ, ತಿಂದದ್ದನ್ನೆಲ್ಲ ದಿನಾ ಬರೆದಿಟ್ಟು ಜುಲೈಯಲ್ಲಿ ತಂದು ತೋರಿಸಬೇಕೆಂದು ಕಟ್ಟುನಿಟ್ಟು ಮಾಡಿದ್ದಾರೆ. ಡೊಂಬಯ್ಯ ಹೆಗ್ಡೆ ಐವತ್ತಾರನೆಯ ವಯಸ್ಸಿನಲ್ಲಿ ಶಾಲೆಯ ಮಕ್ಕಳ ಹಾಗೆ ಕಾಪಿ ಬರೆಯುತ್ತಾನೆಂದು ವೇಣೂರಿನಲ್ಲಿ ಗೊತ್ತಾದರೆ ನಾನು ಪೇಟೆಗೆ ಇಳಿಯುವ ಹಾಗಿಲ್ಲ. ಆದ್ದರಿಂದ ಪುಸ್ತಕವನ್ನು ಕಪಾಟಿನಲ್ಲಿ ಬೀಗ ಹಾಕಿ ಇಡುತ್ತೇನೆ.

ತಿಂದದ್ದಲ್ಲದೆ ಇನ್ನೊಂದು ಸುದ್ದಿ. ತಂಗಿ ಸುಂದರಿಯ ಮಗಳು ಪದ್ಮಾಕ್ಷಿ ಎಸ್.ಎಸ್.ಎಲ್.ಸಿ. ಪಾಸಾಗಿದ್ದಾಳೆ. ಲೆಕ್ಕದಲ್ಲಿ ಮಾತ್ರ ಕೂದಲೆಳೆಯಲ್ಲಿ ದಾಟಿದ್ದಾಳೆ. ಮೂಡಬಿದ್ರೆಯ ಕಾಲೇಜಿಗೆ ಹೋಗಬೇಕೆಂದು ಅವಳ ಆಸೆ. ನಾನು ಬೇಡ ಎಂದೆ. ಹುಡುಗಿ ದಿನಾ ಬಸ್ಸಿನಲ್ಲಿ ಹೋಗಿ ಬರುವುದು ನಮ್ಮ ಮನೆಯಲ್ಲಿ ಇಲ್ಲದ ಕ್ರಮ. ಮಾತು ಅಲ್ಲಿಗೆ ಮುಗಿಯಿತು.

೨೮ ಮೇ, ಶನಿವಾರ

ಬೆಳಿಗ್ಗೆ: ಉಪ್ಪಿಟ್ಟು. ಮಧ್ಯಾಹ್ನ: ಅನ್ನ, ಬಸಳೆ ಸಾರು. ಸಂಜೆ: ಜತ್ತಪ್ಪ ಭಾವ ತಂದ ಬನ್ಸು ಎರಡು. ಸಿಟ್ಟಿನಲ್ಲಿ ಮತ್ತೆರಡು.

ಮಾತು ಮುಗಿದಿರಲಿಲ್ಲ. ಜತ್ತಪ್ಪ ಭಾವ ಎಂದರೆ ಸುಂದರಿಯ ಗಂಡ, ಪದ್ಮಾಕ್ಷಿಯ ಅಪ್ಪ. ಪುಂಜಾಲಕಟ್ಟೆಯಲ್ಲಿ ಹೋಟೆಲು ನಡೆಸುತ್ತಾನೆ, ಶನಿವಾರ ಸಂಜೆ ಇಲ್ಲಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಾನೆ. ಇವತ್ತು ಬಂದವನೇ ಚೀಲ ಕೆಳಗಿಟ್ಟು, ಕಾಲೇಜಿಗೆ ಅರ್ಜಿ ತುಂಬಿಸಿ ಕಳಿಸಿಯೂ ಆಯಿತು ಎಂದ. ನನ್ನನ್ನು ಒಂದು ಮಾತು ಕೇಳಲಿಲ್ಲ.

ನಮ್ಮದು ಅಳಿಯಕಟ್ಟಿನ ಮನೆ. ಮನೆ ನಡೆಯುವುದು ತಾಯಿಯ ಕಡೆಯಿಂದ, ಸೊಸೆಯಂದಿರ, ಅಂದರೆ ತಂಗಿಯ ಹೆಣ್ಣುಮಕ್ಕಳ, ವಿಷಯ ಮಾತನಾಡುವವನು ಸೋದರಮಾವ. ಅಪ್ಪ ಬರುತ್ತಾನೆ, ಊಟ ಮಾಡುತ್ತಾನೆ, ಕ್ಷೇಮಸಮಾಚಾರ ಕೇಳುತ್ತಾನೆ. ನನ್ನ ಇಬ್ಬರು ಗಂಡುಮಕ್ಕಳು ಕಾರ್ಕಳದ ಕಡೆ ಅವರ ಮಾವನ ಮನೆಯಲ್ಲಿ ಬೆಳೆದರು. ಅವರ ಶಾಲೆಯ ವಿಷಯಕ್ಕೆ ನಾನು ತಲೆಹಾಕಿದ್ದುಂಟೇ? ಇಷ್ಟು ತಿಳಿಯದವನಿಗೆ ಹೋಟೆಲು ಹೇಗೆ ನಡೆಯುತ್ತದೋ. ಬನ್ಸು ಮಾತ್ರ ಚೆನ್ನಾಗಿ ಮಾಡಿಸುತ್ತಾನೆ.

೩೧ ಮೇ, ಮಂಗಳವಾರ

ಬೆಳಿಗ್ಗೆ: ಗಂಜಿ. ಮಧ್ಯಾಹ್ನ: ಮೂಡಬಿದ್ರೆಯ ಹೋಟೆಲಿನಲ್ಲಿ ಊಟ, ಪಾಯಸ ಸ್ವಲ್ಪ. ರಾತ್ರಿ: ಗಂಜಿ.

ಮೂರು ದಿನ ಯೋಚಿಸಿ ಒಂದು ಉಪಾಯ ಕಂಡುಕೊಂಡೆ. ಓದಿಸುವುದಿದ್ದರೆ ಓದಿಸುವವನು ನಾನು. ಆದ್ದರಿಂದ ಅರ್ಜಿ ನನ್ನ ಕಡೆಯಿಂದ ಹೋಗಬೇಕು. ಆಮೇಲೆ ಪ್ರವೇಶ ಪರೀಕ್ಷೆ ಇದೆಯಂತೆ. ಲೆಕ್ಕದಲ್ಲಿ ಇವಳು ಹೇಗೂ ಮುಗ್ಗರಿಸುತ್ತಾಳೆ. ಯಜಮಾನಿಕೆಯೂ ಉಳಿಯಿತು, ಹುಡುಗಿಯೂ ಮನೆಯಲ್ಲಿ ಉಳಿದಳು.

ಮೊದಲ ಬಸ್ಸಿನಲ್ಲಿ ಹೋಗಿ ಕಾಲೇಜಿನ ಆಫೀಸಿನಿಂದ ಫಾರಂ ತೆಗೆದುಕೊಂಡು ಅಲ್ಲೇ ಬೆಂಚಿನಲ್ಲಿ ಕುಳಿತು ತುಂಬಿಸಿದೆ. ಅಭ್ಯರ್ಥಿಯ ಹೆಸರು, ಊರು, ಹುಟ್ಟಿದ ದಿನ ಎಲ್ಲ ಸರಿ. ನಂತರ ‘ತಂದೆಯ ಹೆಸರು’ ಎಂದು ಒಂದು ಗೆರೆ. ಮಾವನ ಹೆಸರಿಗೆ ಎಲ್ಲಿಯೂ ಜಾಗವಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಫಾರಂ ಅಚ್ಚು ಹಾಕಿಸಿದವರು ಘಟ್ಟದ ಮೇಲಿನವರಿರಬೇಕು. ಮನೆಯ ಜವಾಬ್ದಾರಿ ಯಾರದೆಂದು ಕೇಳುವುದಕ್ಕೇ ಅಲ್ಲವೇ ಆ ಗೆರೆ ಇರುವುದು ಎಂದುಕೊಂಡು ನನ್ನ ಹೆಸರನ್ನೇ ಬರೆದೆ. ನಿತ್ಯಾನಂದ ಎಂಬ ಗುಮಾಸ್ತ ಅರ್ಜಿ ತೆಗೆದುಕೊಂಡು, ಎಸ್.ಎಸ್.ಎಲ್.ಸಿ. ಅಂಕಗಳ ಪುಸ್ತಕ ಈಗ ಬೇಡ, ಸಂದರ್ಶನದ ದಿನ ತಂದರೆ ಸಾಕು ಎಂದ. ಒಳ್ಳೆಯ ಹುಡುಗ, ಕಣ್ಣು ಮಾತ್ರ ಎಲ್ಲವನ್ನೂ ಓದುತ್ತದೆ.

೧೧ ಜೂನ್, ಶನಿವಾರ

ಬೆಳಿಗ್ಗೆ: ಕಡುಬು. ಮಧ್ಯಾಹ್ನ: ಅನ್ನ, ಹುರುಳಿ ಸಾರು. ಸಂಜೆ: ಏನೋ ತಿಂದೆ.

ಪ್ರವೇಶ ಪರೀಕ್ಷೆಗೆ ನನ್ನ ಅರ್ಜಿಯ ಹಾಲ್ ಟಿಕೆಟ್ಟು ಬುಧವಾರ ಬಂದಿತ್ತು, ನಂಬರು ಎಂಬತ್ತನಾಲ್ಕು. ಇವತ್ತು ಭಾವ ಪುಂಜಾಲಕಟ್ಟೆಯಿಂದ ಇನ್ನೊಂದು ತಂದ, ನಂಬರು ಅರವತ್ತೊಂದು. ಕಾಲೇಜಿನ ಲೆಕ್ಕದಲ್ಲಿ ಈಗ ಇಬ್ಬರು ಪದ್ಮಾಕ್ಷಿಯರಿದ್ದಾರೆ: ಜತ್ತಪ್ಪನ ಮಗಳೊಬ್ಬಳು, ಡೊಂಬಯ್ಯನ ಮಗಳೊಬ್ಬಳು. ಸುಂದರಿ ಎರಡನ್ನೂ ನೋಡಿ, ಒಬ್ಬ ಹುಡುಗಿಯನ್ನು ಎರಡು ಕುರ್ಚಿಯಲ್ಲಿ ಕೂರಿಸುವ ಗಂಡಸರಿಗೆ ಇವತ್ತು ಚಹಾ ಇಲ್ಲ ಎಂದು ಒಳಗೆ ಹೋದಳು. ಭಾವ ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ.

ಪದ್ಮಾಕ್ಷಿ ಮಾತ್ರ ನಕ್ಕು ಎರಡನ್ನೂ ತೆಗೆದುಕೊಂಡಳು. ಯಾವುದೆಂದು ಆ ದಿನ ಬೆಳಿಗ್ಗೆ ಹೇಳುತ್ತಾಳಂತೆ. ಅವಳು ಯಾವುದನ್ನು ಹಿಡಿದರೂ ನನಗೇನೂ ಆಗಬೇಕಾದ್ದಿಲ್ಲ.

೧೩ ಜೂನ್, ಸೋಮವಾರ

ಬೆಳಿಗ್ಗೆ: ದೋಸೆ. ಉಳಿದದ್ದು ಎಂದಿನಂತೆ.

ಚಾವಡಿಯಲ್ಲಿ ಪದ್ಮಾಕ್ಷಿ ಲೆಕ್ಕದ ಪುಸ್ತಕ ಹಿಡಿದು ಅಳುವ ಮುಖ ಮಾಡಿ ಕುಳಿತಿದ್ದಳು. ನೋಡಲಾಗದೆ ಏನೆಂದು ಕೇಳಿದೆ. ಒಂದು ತೊಟ್ಟಿಗೆ ಒಂದು ನಳದಿಂದ ನೀರು ಬರುತ್ತದೆ, ಇನ್ನೊಂದು ನಳದಿಂದ ಹೊರಗೆ ಹೋಗುತ್ತದೆ, ಹಾಗಾದರೆ ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು?

ಇಂಥ ಪ್ರಶ್ನೆಯನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಮೊದಲು ಹೊರಗೆ ಹೋಗುವ ನಳ ಮುಚ್ಚಬೇಕು. ಅದನ್ನು ತೆರೆದಿಟ್ಟು ಕಾಯುವವನಿಗೆ ಲೆಕ್ಕ ಬಂದರೆಷ್ಟು, ಬಿಟ್ಟರೆಷ್ಟು? ನಮ್ಮ ತೋಡಿನ ನೀರು ನಿಲ್ಲಿಸಲು ಕಟ್ಟ ಕಟ್ಟುವಾಗ ಕಿಂಡಿ ಮುಚ್ಚದೆ ಮಣ್ಣು ಹಾಕುತ್ತೇವೆಯೇ? ಇದನ್ನು ಅವಳಿಗೆ ಚೆನ್ನಾಗಿ ತಿಳಿಸಿ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ಭೂಮಿ ಅಳೆಯುವ ಲೆಕ್ಕ ಬಂತು. ಅದು ನನಗೆ ಬರುತ್ತದೆ, ನಲವತ್ತು ವರ್ಷ ಸರಪಳಿ ಹಿಡಿದವರ ಹಿಂದೆ ನಡೆದಿದ್ದೇನೆ. ಅಂಗಳಕ್ಕೆ ಕರೆದುಕೊಂಡು ಹೋಗಿ ಹಗ್ಗ ಹಿಡಿಸಿ ತೋರಿಸಿದೆ. ಮೂರು ಮೂಲೆಯ ಗದ್ದೆಯ ಲೆಕ್ಕ ಅವಳಿಗೆ ಮೊದಲ ಸಲ ತಲೆಗೆ ಹತ್ತಿತು. ಊಟಕ್ಕೆ ಕರೆದದ್ದು ನಮಗಿಬ್ಬರಿಗೂ ಕೇಳಿಸಲಿಲ್ಲವಂತೆ, ಸುಂದರಿ ಹೇಳಿದಳು.

ಪರೀಕ್ಷೆಗೆ ಕೂತ ಮೇಲೆ ತೀರಾ ಸೊನ್ನೆ ಬಂದರೆ ಮನೆಯ ಮರ್ಯಾದೆ ಏನಾದೀತು? ಅದಕ್ಕಾಗಿ ಹೇಳಿಕೊಟ್ಟೆ, ಬೇರೇನಿಲ್ಲ.

೧೫ ಜೂನ್, ಬುಧವಾರ

ಪರೀಕ್ಷೆ. ನಾನೂ ಹೋದೆ. ಹುಡುಗಿಯನ್ನು ಒಬ್ಬಳೇ ಕಳಿಸಲಿಕ್ಕಾಗುತ್ತದೆಯೇ?

ಭಾವ ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ನಮಗಿಂತ ಮೊದಲೇ ತಲುಪಿ, ಹಿಡಿ ಇರುವ ತೂಕು ಪಾತ್ರೆಯಲ್ಲಿ ಇಡ್ಲಿ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದ. ಗಂಟೆ ಹೊಡೆಯಿತು. ಪದ್ಮಾಕ್ಷಿ ಪುಸ್ತಕದ ಎಡೆಯಿಂದ ಒಂದು ಟಿಕೆಟ್ಟು ತೆಗೆದಳು. ಎಂಬತ್ತನಾಲ್ಕು. ಅವಳು ಒಳಗೆ ಹೋದ ಮೇಲೆ ಭಾವ ತೂಕು ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, ಇಡ್ಲಿ ತಣ್ಣಗಾಗ್ತದೆ ಎಂದ. ಅಷ್ಟೇ. ಗೆದ್ದೆ ಎನ್ನುವ ಸಂತೋಷ ನನಗೆ ಆಗಬೇಕಿತ್ತು. ಆಯಿತು ಕೂಡ, ಆದರೆ ಅವನ ಮುಖ ನೋಡಿದ ಮೇಲೆ ಎರಡು ಇಡ್ಲಿ ಕೇಳಿ ತೆಗೆದುಕೊಂಡು ತಿಂದೆ. ಬೇಡವೆಂದರೆ ಬೇಸರ ಮಾಡಿಕೊಂಡಾನು.

ಬರುವಾಗ ಬಸ್ಸಿನಲ್ಲಿ, ನನ್ನ ಟಿಕೆಟ್ಟನ್ನೇ ಏಕೆ ಆರಿಸಿದೆ ಎಂದು ಹಗುರವಾಗಿ ಕೇಳಿದೆ.

“ಕೂರುವ ಜಾಗದ ನಂಬರು ಗೇಟಿನ ಗೋಡೆಯಲ್ಲಿ ಹಾಕಿದ್ರು ಮಾವ. ಎಂಬತ್ತನಾಲ್ಕು ಕಿಟಕಿಯ ಹತ್ತಿರ ಉಂಟು, ಗಾಳಿ ಬರ್ತದೆ” ಎಂದಳು.

೨೨ ಜೂನ್, ಬುಧವಾರ

ನೂರಕ್ಕೆ ನಲವತ್ತೊಂದು.

ಐವತ್ತು ದಾಟಿದವರನ್ನೆಲ್ಲ ಸೇರಿಸಿಕೊಂಡು ಆಗಿದೆ. ಉಳಿದಿರುವುದು ಒಂಬತ್ತೇ ಜಾಗ. ನಲವತ್ತರಿಂದ ಐವತ್ತರೊಳಗೆ ಇರುವ ಹದಿನೆಂಟು ಮಂದಿಗೆ ಸಂದರ್ಶನ ಮಾಡಿ ಅದರಲ್ಲಿ ಒಂಬತ್ತು ಮಂದಿಯನ್ನು ತೆಗೆದುಕೊಳ್ಳುತ್ತಾರೆ. ಮನೆಯವರೂ ಜೊತೆಗೆ ಬರಬೇಕಂತೆ.

ನನ್ನ ಉಪಾಯದಂತೆ ಇದಕ್ಕೆ ನಾನು ಖುಷಿಪಡಬೇಕು. ಆದರೆ ನಲವತ್ತೊಂದು ಎಂದರೆ ಏನು? ಮೂರು ಮೂಲೆಯ ಗದ್ದೆಯನ್ನು ಕಣ್ಣು ಮುಚ್ಚಿ ಅಳೆಯುವ ಹುಡುಗಿಗೆ ನಲವತ್ತೊಂದೇ? ಉತ್ತರ ನೋಡಿದವರು ನಿದ್ದೆಗಣ್ಣಿನಲ್ಲಿ ನೋಡಿರಬೇಕು. ಪೇಟೆಯಲ್ಲಿ ಕೇಳಿದವರಿಗೆಲ್ಲ, ಪ್ರಶ್ನೆ ಬಹಳ ಕಷ್ಟವಿತ್ತು, ನಲವತ್ತೊಂದು ಎಂದರೆ ಬೇರೆ ಕಡೆಯ ಎಂಬತ್ತು ಎಂದು ಹೇಳಿದೆ. ಅಂಗಡಿಯ ಮಾಯಿಲಪ್ಪ, ಹಾಗಾದರೆ ಅರವತ್ತು ತೆಗೆದವರದ್ದು ನೂರಕ್ಕೆ ಎಷ್ಟು ಎಂದು ಕೇಳಿದ. ಅವನ ಅಂಗಡಿಗೆ ಇನ್ನು ಹೋಗುವುದಿಲ್ಲ.

೨೫ ಜೂನ್, ಶನಿವಾರ

ಸಂದರ್ಶನಕ್ಕೆ ತಯಾರಿ. ನಾನು ಆರಾಮಕುರ್ಚಿಯಲ್ಲಿ ಪ್ರಾಂಶುಪಾಲನಾಗಿ ಕುಳಿತೆ. ಏನು ಓದಬೇಕೆಂದಿದ್ದೀ ಎಂದು ಗದರಿಸಿ ಕೇಳಿದೆ. ಬಿ.ಎಸ್ಸಿ. ಮಾಡಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಬೇಕು ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ಆಗ ನಾನೂ ನಿಲ್ಲಿಸಿದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಅವಳಿಗೆ ಏನಾಗಬೇಕೆಂದು ನಾನು ಕೇಳಿದ್ದು ಇವತ್ತೇ ಮೊದಲು. ಅದೂ ಬೇರೆಯವರ ವೇಷ ಹಾಕಿ.

ಭಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕುಳಿತುಕೊಳ್ಳಲು ಹೇಳಿದೆ. ಅವನು ಉಪಪ್ರಾಂಶುಪಾಲನಾದ.

೨೮ ಜೂನ್, ಮಂಗಳವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಪದ್ಮಾಕ್ಷಿ, ನಾನು, ಭಾವ ಮೂವರೂ ಹೋದೆವು. ಪ್ರಾಂಶುಪಾಲರು ನನ್ನಷ್ಟು ಗದರಿಸುವವರಲ್ಲ, ಮೆತ್ತಗೆ ಮಾತನಾಡುತ್ತಾರೆ. ಅವಳ ಉತ್ತರಪತ್ರಿಕೆ ಅವರ ಎದುರಿಗೇ ಇತ್ತು. ತೊಟ್ಟಿಯ ಲೆಕ್ಕಕ್ಕೆ ಹತ್ತು ಅಂಕವಿತ್ತು, ಅದಕ್ಕೆ ನೀನು ಬರೆದದ್ದೇನೆಂದು ನೆನಪಿದೆಯೇ ಎಂದು ಕೇಳಿದರು. ಪದ್ಮಾಕ್ಷಿ ಒಮ್ಮೆ ನನ್ನನ್ನು ನೋಡಿದಳು. ಅವರೇ ಓದಿ ಹೇಳಿದರು: ‘ಮೊದಲು ಹೊರಗೆ ಹೋಗುವ ನಳವನ್ನು ಮುಚ್ಚಬೇಕು.’

ಆ ಕೋಣೆಯ ನೆಲ ಬಿರಿಯಬಾರದೇ ಅನಿಸಿತು. ಅವಳು ನನ್ನ ಹೆಸರು ಹೇಳಲಿಲ್ಲ. ನಾನೇ ಎದ್ದು ನಿಂತು, ಅದು ಹೇಳಿಕೊಟ್ಟವನ ತಪ್ಪು, ಬರೆದವಳದ್ದಲ್ಲ, ಆ ಹತ್ತು ಅಂಕವನ್ನು ನನ್ನ ಲೆಕ್ಕದಲ್ಲಿ ಕಳೆಯಿರಿ ಎಂದೆ. ಅವರು ಮೂಗಿಗೆ ಕರವಸ್ತ್ರ ಹಿಡಿದರು. ಸೀನಿದ್ದೋ ನಕ್ಕದ್ದೋ ಗೊತ್ತಾಗಲಿಲ್ಲ. ನಂತರ, ಲೆಕ್ಕ ಇಷ್ಟು ಕಷ್ಟವಾಗುವ ನಿನಗೆ ಲೆಕ್ಕದ ಟೀಚರಾಗುವ ಆಸೆ ಏಕೆ ಎಂದು ಕೇಳಿದರು.

“ನಮಗೆ ಕಲಿಸಿದವರಿಗೆಲ್ಲ ಲೆಕ್ಕ ಬರ್ತಿತ್ತು ಸಾರ್” ಎಂದಳು ಪದ್ಮಾಕ್ಷಿ. “ಬಾರದವರಿಗೆ ಎಲ್ಲಿ ತಪ್ಪುತ್ತದೆ ಅಂತ ಅವರಿಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತುಂಟು.”

ಪ್ರಾಂಶುಪಾಲರು ಕಾಗದದ ಮೇಲೆ ಏನೋ ಗುರುತು ಮಾಡಿದರು. ಅದು ಒಂಬತ್ತು ಜಾಗದಲ್ಲಿ ಒಂದು ಎಂದು ಆಮೇಲೆ ತಿಳಿಯಿತು. ಈ ಹುಡುಗಿ ಇಂಥ ಮಾತನ್ನು ಎಲ್ಲಿಂದ ಕಲಿತಳೋ. ತಯಾರಿಯಲ್ಲಿ ನಾನು ಹೇಳಿಕೊಟ್ಟಿರಲಿಲ್ಲ.

ಸಂತೋಷ ಆಫೀಸಿನ ಕಿಟಕಿಯವರೆಗೆ ಮಾತ್ರ. ನಿತ್ಯಾನಂದ ಎಸ್.ಎಸ್.ಎಲ್.ಸಿ. ಪುಸ್ತಕ ತೆರೆದ. ಅದರಲ್ಲಿ ತಂದೆ ಜತ್ತಪ್ಪ, ಪರೀಕ್ಷೆ ಬರೆದ ಅರ್ಜಿಯಲ್ಲಿ ತಂದೆ ಡೊಂಬಯ್ಯ. ಜತ್ತಪ್ಪನ ಮಗಳು ಅರವತ್ತೊಂದನೆಯ ಪದ್ಮಾಕ್ಷಿ ಪರೀಕ್ಷೆಗೆ ಬಂದಿಲ್ಲ. ಬಂದು ಪಾಸಾದ ಪದ್ಮಾಕ್ಷಿಗೆ ಪುಸ್ತಕ ಇಲ್ಲ. ನಾನು ಅಳಿಯಕಟ್ಟಿನ ವಿಷಯವನ್ನೆಲ್ಲ ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿ ಒಳಗೆ ಹೋಗಿ ಬಂದು ಹೇಳಿದ:

“ಹೆಗ್ಡೆಯವರೇ, ನೀವು ತಂದೆ ಅಲ್ಲ ಅಂತ, ಪೋಷಕರ ಹಕ್ಕು ನಿಮಗಿಲ್ಲ ಅಂತ ನಿಮ್ಮ ಕೈಯಲ್ಲೇ ಬರೆದು ಸಹಿ ಹಾಕಿ ಕೊಡ್ಬೇಕು. ಗುರುವಾರ ಹನ್ನೆರಡು ಗಂಟೆಯ ಒಳಗೆ. ಇಲ್ಲದಿದ್ರೆ ಜಾಗ ಹತ್ತನೆಯವರಿಗೆ ಹೋಗ್ತದೆ.”

ನಾನು ಕೊಡೆ ತೆಗೆದುಕೊಂಡು ಹೊರಗೆ ಬಂದೆ.

೨೯ ಜೂನ್, ಬುಧವಾರ

ಬೆಳಿಗ್ಗೆ: ಎಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿ ನಾಲ್ಕು. ಹತ್ತು ಗಂಟೆಗೆ: ಮತ್ತೆರಡು. ಮಧ್ಯಾಹ್ನ: ಅನ್ನ ಎರಡು ಸಲ, ಮೀನು, ಮಾವಿನ ಹಣ್ಣು. ಸಂಜೆ: ಉಳಿದ ಗಟ್ಟಿ. ಡಾಕ್ಟರರು ಓದಿಕೊಳ್ಳಲಿ.

ಹಕ್ಕಿಲ್ಲ ಎಂದು ಬರೆಯಬೇಕಂತೆ. ಅವಳಿಗೆ ಹೆಸರಿಟ್ಟವನು ನಾನು. ಜ್ವರ ಬಂದಾಗ ಬೆಳ್ತಂಗಡಿಗೆ ಹೆಗಲ ಮೇಲೆ ಹೊತ್ತುಕೊಂಡು ಹೋದವನು ನಾನು. ಈ ಮನೆಯಲ್ಲಿ ನನ್ನ ಹಿಂದೆ ಏಳು ಜನ ಯಜಮಾನರಾದರು. ಅವರಲ್ಲಿ ಒಬ್ಬನೂ ಸೊಸೆಯ ಮೇಲೆ ಹಕ್ಕಿಲ್ಲವೆಂದು ಗುಮಾಸ್ತನಿಗೆ ಬರೆದುಕೊಟ್ಟವನಲ್ಲ.

ಸುಂದರಿ ಮಾತು ಬಿಟ್ಟಿದ್ದಾಳೆ. ಭಾವ ಇಲ್ಲೇ ಉಳಿದಿದ್ದಾನೆ, ಆದರೆ ಸಹಿ ಹಾಕು ಎಂದು ಒಂದು ಮಾತೂ ಹೇಳಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಪದ್ಮಾಕ್ಷಿ ಸಂಜೆ ಬಂದು, ಮನಸ್ಸಿಲ್ಲದಿದ್ದರೆ ಬೇಡ ಮಾವ, ಮುಂದಿನ ವರ್ಷ ನೋಡುವ ಎಂದಳು. ಲೆಕ್ಕದ ಪುಸ್ತಕಕ್ಕೆ ಹಳೆಯ ಪೇಪರಿನ ಹೊದಿಕೆ ಹಾಕಿ, ಮಾಡಿನ ಹಲಗೆಯ ಮೇಲೆ ಇಟ್ಟಳು. ಕೈಗೆ ಸಿಗದಷ್ಟು ಎತ್ತರದಲ್ಲಿ.

ಒಂದು ವಿಷಯ ಇಲ್ಲಿ ಮಾತ್ರ ಬರೆಯುತ್ತೇನೆ. ನನ್ನ ದೊಡ್ಡ ಮಗ ಸುಧಾಕರ ಎಸ್.ಎಸ್.ಎಲ್.ಸಿ. ಪಾಸಾದದ್ದು ನನಗೆ ತಿಳಿದದ್ದು ಸಂತೆಯಲ್ಲಿ, ಬಳೆ ಮಾರುವ ನಫೀಸಮ್ಮ ಹೇಳಿ. ಅವನ ಮಾವ ಎಲ್ಲ ನೋಡಿಕೊಂಡಿದ್ದ, ಕ್ರಮವೇ ಹಾಗೆ. ನಾನು ಆ ದಿನ ಒಂದು ಪೆನ್ನು ಕೊಂಡೆ, ಕೊಡಲಿಕ್ಕೆ ಹೋಗಲಿಲ್ಲ. ಯಾವ ಅಧಿಕಾರದಿಂದ ಹೋಗುವುದು? ನನಗೆ ಆಗ ಬಹಳ ನೋವಾಗಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಪೆನ್ನಿನಲ್ಲೇ ಈಗ ಇದನ್ನು ಬರೆಯುತ್ತಿದ್ದೇನೆ.

ಗೇಟಿನ ಹತ್ತಿರ ಭಾವ ತೂಕು ಪಾತ್ರೆಯನ್ನು ಕೈಯಿಂದ ಕೈಗೆ ಬದಲಿಸಿದ್ದು ನೆನಪಾಗುತ್ತದೆ. ಅಜೀರ್ಣದಿಂದ ಇರಬೇಕು.

೩೦ ಜೂನ್, ಗುರುವಾರ

ಮೊದಲ ಬಸ್ಸಿಗೆ ಹೊರಟೆ. ಹೊಟ್ಟೆ ಸರಿ ಇರಲಿಲ್ಲ, ಡಾಕ್ಟರರನ್ನು ಕಾಣುವ ಎಂದು. ಭಾವನನ್ನೂ, ನೀನೂ ಬಾ, ಸಾಕ್ಷಿಗೆ ಬೇಕಾದೀತು ಎಂದು ಕರೆದೆ. ಹೊಟ್ಟೆನೋವಿಗೆ ಸಾಕ್ಷಿ ಏಕೆಂದು ಅವನು ಕೇಳಲಿಲ್ಲ.

ಮೂಡಬಿದ್ರೆಯಲ್ಲಿ ಇಳಿದ ಮೇಲೆ ಹೊಟ್ಟೆ ಸರಿಯಾಗಿತ್ತು. ಕಾಲೇಜಿಗೆ ಹೋದೆವು. ನಿತ್ಯಾನಂದ ಹೇಳಿದ, ನಾನು ಬರೆದೆ. ‘ಸದರಿ ಅರ್ಜಿಯಲ್ಲಿ ಕಾಣಿಸಿದ ಪದ್ಮಾಕ್ಷಿ ಎಂಬವಳು ನನ್ನ ಮಗಳಲ್ಲ. ಆಕೆಯ ಮೇಲೆ ಪೋಷಕನೆಂಬ ಹಕ್ಕು ನನಗೆ ಇರುವುದಿಲ್ಲ. ಆಕೆಯ ತಂದೆಯೂ ಪೋಷಕರೂ ಜತ್ತಪ್ಪ ಶೆಟ್ಟರು.’ ಅಕ್ಷರ ದುಂಡಗೆ ಬಂತು. ಸಹಿ ಹಾಕಿ ದಿನಾಂಕವನ್ನೂ ಬರೆದೆ. ಪೋಷಕರ ಸಹಿಯ ಜಾಗ ಬಂದಾಗ ಭಾವನ ಹತ್ತಿರ ಪೆನ್ನಿರಲಿಲ್ಲ. ನನ್ನದನ್ನು ಕೊಟ್ಟೆ. ಅವನು ಸಹಿ ಹಾಕಿ ಹಿಂದೆ ಕೊಡುವಾಗ ನನ್ನ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡ.

“ಭಾವ, ಇಷ್ಟು ವರ್ಷ ಅವಳ ವಿಷಯದಲ್ಲಿ ನಾನು ಸಹಿ ಹಾಕಿದ್ದು ಇದೇ ಮೊದಲು” ಎಂದ.

ಶಾಯಿ ಒಣಗಲಿ ಎಂದೆ.

೪ ಜುಲೈ, ಸೋಮವಾರ

ಕಾಲೇಜು ಶುರುವಾಯಿತು. ಬಸ್ಸು ಕಣ್ಮರೆಯಾಗುವವರೆಗೆ ರಸ್ತೆಯಲ್ಲಿ ನಿಂತಿದ್ದೆ, ಎತ್ತಿನ ಜೋಡಿ ನೋಡಲಿಕ್ಕೆಂದು ಹೇಗೂ ಆ ಕಡೆ ಹೋಗಬೇಕಿತ್ತು. ಎಂಬತ್ತನಾಲ್ಕನೆಯ ಪದ್ಮಾಕ್ಷಿ ಇಲ್ಲಿಯೂ ಕಿಟಕಿಯ ಹತ್ತಿರವೇ ಕುಳಿತಳು.

ಸುಧಾಕರನಿಗೆ ಒಂದು ಕಾರ್ಡು ಬರೆದೆ. ವಿಶೇಷವೇನಿಲ್ಲ, ಏನಾಗಬೇಕೆಂದಿದ್ದೀ ಎಂದು ಕೇಳಿದೆ. ಅವನಿಗೆ ಈಗ ಇಪ್ಪತ್ತೇಳು, ಕೇಳಲು ತಡವಾಯಿತು. ಆದರೂ ಹಾಕಿದೆ.

೯ ಜುಲೈ, ಶನಿವಾರ

ಡಾಕ್ಟರರ ದಿನ. ಪದ್ಮಾಕ್ಷಿಗೆ ಮಧ್ಯಾಹ್ನಕ್ಕೆ ಕಾಲೇಜು ಬಿಟ್ಟಿತು, ನನ್ನ ಜೊತೆಗೆ ಬಂದಳು.

ಸಕ್ಕರೆ ಇಳಿದಿದೆಯಂತೆ. ಏನೇನು ತಿಂದಿರಿ, ಪುಸ್ತಕ ತೋರಿಸಿ ಎಂದರು. ನಾನು ಪುಸ್ತಕ ಬಿಚ್ಚಿ ನನ್ನ ಕಡೆಗೇ ತಿರುಗಿಸಿಕೊಂಡು ಹಾಳೆ ಮಗುಚಿದೆ. ಜೂನ್ ಹದಿನೈದರಿಂದ ಈಚೆಗೆ ತಿಂದದ್ದನ್ನು ಬರೆದದ್ದು ಒಂದೇ ದಿನ, ಅದೂ ಹೆಚ್ಚಾಗಿ ಗಟ್ಟಿಯೇ. ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಬರೆಯಲು ಪುರುಸೊತ್ತಾಗಲಿಲ್ಲ ಎಂದೆ. ಮನೆಯಲ್ಲಿ ಕುಳಿತಿರುವ ಹೆಗ್ಡೆಯವರಿಗೆ ಅಷ್ಟು ಕೆಲಸ ಏನಿತ್ತು, ಇವಳು ಯಾರು ಎಂದು ಡಾಕ್ಟರರು ಕೇಳಿದರು.

“ನನ್ನ ಮಗಳು. ಕಾಲೇಜಿಗೆ ಹೋಗ್ತಾಳೆ” ಎಂದೆ.

ಬಾಯಿಂದ ಬಂದುಹೋಯಿತು. ಪದ್ಮಾಕ್ಷಿ ಗೋಡೆಯ ಮೇಲಿದ್ದ ಔಷಧದ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಬಸ್ಸು ಅರ್ಧ ದಾರಿ ದಾಟಿತು. ಆಮೇಲೆ ಪದ್ಮಾಕ್ಷಿ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದಳು:

“ಮಾವ, ಇದು ಗುಮಾಸ್ತರಿಗೆ ಗೊತ್ತಾದ್ರೆ ನೀವು ಇನ್ನೊಂದು ಕಾಗದ ಬರೆದುಕೊಡ್ಬೇಕಾದೀತು.”

“ಕೊಡುವ” ಎಂದೆ. “ಪೆನ್ನು ಉಂಟಲ್ಲ.”